ಕೊಂಡಿ ಬಿದ್ದ ಜಾಗ

ಹತ್ತು ಕ್ವಿಂಟಲ್ ಜೋಳವನ್ನು ಚಕ್ಕಡಿಗೆ ಹೇರುವುದು ಬರಿ ತೋಳ್ಬಲದ ಕೆಲಸವಲ್ಲ. ಚೀಲ ಎತ್ತಿಕೊಡುವವರು ಇಬ್ಬರಿದ್ದರೆ ಮೇಲೆ ನಿಂತು ಒಟ್ಟುವವನು ಒಬ್ಬನಿರುತ್ತಾನೆ. ತಲೆ ಓಡಿಸುವ ಕೆಲಸ ಅವನದು. ನಾಲ್ಕಾರು ಚೀಲ ಇಟ್ಟ ಮೇಲೆ ಕೆಳಗಿನವನಿಗೆ ಮೂಕಿ ಎತ್ತಿ ನೋಡು ಅನ್ನುತ್ತಾನೆ. ಮೂಕಿ ಹಗುರಾಗಿ ತಾನೇ ಮೇಲೆದ್ದರೆ ಭಾರ ಹಿಂದೆ ಬಿದ್ದಿದೆ. ಇಬ್ಬರು ಕೈ ಹಚ್ಚಿದರೂ ಏಳದಿದ್ದರೆ ಮುಂದೆ ಬಿದ್ದಿದೆ. ಎರಡೂ ಸಲ್ಲದು. ಭಾರ ಮುಂದಾದರೆ ನೊಗ ಎತ್ತುಗಳ ಹೆಗಲನ್ನು ಅರೆಯುತ್ತದೆ. ಹಿಂದಾದರೆ ನೊಗ ಮೇಲೆದ್ದು ಕೊರಳ ಜತ್ತಿಗೆ ಗಂಟಲನ್ನು ಬಿಗಿಯುತ್ತದೆ. ಮೂಕಿ ಭಾರವೂ ಅಲ್ಲದೆ ಹಗುರವೂ ಅಲ್ಲದೆ, ನೊಗದ ಮೇಲೆ ಸ್ವಲ್ಪವೇ ಸ್ವಲ್ಪ ಊರಿಕೊಂಡಿರಬೇಕು.

ಈ ಹದ ಬಲ್ಲ ಊರು ರಾಯಚೂರು ಜಿಲ್ಲೆಯ ಸಂತೆಕಲ್ಲೂರು. ಅದು ಹಿಂದೆ ಲಿಂಗಸುಗೂರು ತಾಲೂಕಿನಲ್ಲಿತ್ತು, ಈಗ ಮಸ್ಕಿ ತಾಲೂಕಿನಲ್ಲಿದೆ. ಒಕ್ಕಲುತನದ ತಿಳಿವಳಿಕೆಯನ್ನೇ ಪುಸ್ತಕ ಮಾಡಿ ಹತ್ತೊಂಬತ್ತನೆಯ ಶತಮಾನದಲ್ಲಿ ‘ಕೃಷಿಜ್ಞಾನ ಪ್ರದೀಪಿಕೆ’ ಬರೆದ ಘನಮಠದ ನಾಗಭೂಷಣ ಶಿವಯೋಗಿಗಳ ಊರು ಇದು. ಇಂಥ ಊರಿನಲ್ಲಿ ಎಳೆಯುವ ವಿದ್ಯೆಯ ಮೊದಲ ಪಾಠವನ್ನು ಯಾರೂ ಯಾರಿಗೂ ಹೇಳಿಕೊಡಬೇಕಿಲ್ಲ. ಆದರೂ ಲೆಕ್ಕ ಹಾಕಿ ನೋಡುವುದರಲ್ಲಿ ಒಂದು ಸುಖವಿದೆ. ಅಚ್ಚಿನಿಂದ ನೊಗದವರೆಗೆ 3 ಮೀಟರ್ ಇದೆ ಎನ್ನೋಣ. ಹೇರಿದ್ದು 1000 ಕಿಲೋ. ಅದರ ತೂಕದ ನಡುಬಿಂದು ಅಚ್ಚಿನಿಂದ ಒಂದು ಗೇಣು, ಅಂದರೆ ಸುಮಾರು 22 ಸೆಂಟಿಮೀಟರ್ ಮುಂದಿದ್ದರೆ ನೊಗದ ಮೇಲೆ ಬೀಳುವುದು ಸುಮಾರು 75 ಕಿಲೋ. ಎರಡು ಎತ್ತಿಗೆ ಇದೇನೂ ಹೊರೆಯಲ್ಲ. ಇನ್ನೊಂದು ಗೇಣು ಮುಂದೆ ಸರಿದರೆ 150 ಕಿಲೋ ಆಗುತ್ತದೆ. ಒಂದೂವರೆ ಗೇಣು ಹಿಂದೆ ಸರಿದರೆ ನೊಗ ಮೇಲಕ್ಕೇಳುತ್ತದೆ. ಇಡೀ ಹೇರಿನ ಹಣೆಬರಹ ಅಂಗೈ ಅಗಲದ ಜಾಗದಲ್ಲಿ ತೀರ್ಮಾನವಾಗುತ್ತದೆ.

ದಾರಿ ಸಪಾಟಾಗಿರುವುದಿಲ್ಲ ಎಂಬುದು ಇನ್ನೊಂದು ತೊಡಕು. ಹೇರಿನ ನಡುಬಿಂದು ಅಚ್ಚಿಗಿಂತ ಒಂದು ಮೀಟರ್ ಎತ್ತರದಲ್ಲಿದ್ದರೆ, ಹತ್ತಕ್ಕೆ ಒಂದರ ಏರಿನಲ್ಲಿ ಅದು 10 ಸೆಂಟಿಮೀಟರ್ ಹಿಂದಕ್ಕೆ ವಾಲಿದಂತಾಗಿ ನೊಗದ ಮೇಲಿನ ಭಾರ 33 ಕಿಲೋ ಇಳಿಯುತ್ತದೆ. ಇಳಿಜಾರಿನಲ್ಲಿ ಅಷ್ಟೇ ಏರುತ್ತದೆ. ಹಳ್ಳದ ದಂಡೆ ಹತ್ತುವಾಗ ಬಂಡಿಯಾತ ಮುಂದೆ ಸರಿದು ಮೂಕಿಯ ಮೇಲೆ ಕೂರುವುದು ಸುಮ್ಮನೆ ಅಲ್ಲ. ತನ್ನ ಅರವತ್ತು ಕಿಲೋ ಮೈಯನ್ನೇ ಅವನು ತೂಕದ ಕಲ್ಲು ಮಾಡಿಕೊಳ್ಳುತ್ತಾನೆ.

ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆಯ ಮೊದಲ ನಿರ್ದೇಶಕರಾಗಿದ್ದ ಎನ್.ಎಸ್. ರಾಮಸ್ವಾಮಿ ಎತ್ತಿನ ಬಂಡಿಯನ್ನೇ ಸಂಶೋಧನೆಯ ವಸ್ತು ಮಾಡಿಕೊಂಡಾಗ ನಕ್ಕವರಿದ್ದರು. ಮ್ಯಾನೇಜ್‌ಮೆಂಟ್ ಪಾಠ ಹೇಳುವವರಿಗೆ ಚಕ್ಕಡಿಯ ಗೊಡವೆ ಏಕೆ ಎಂದು. ಅವರು ಬೊಟ್ಟು ಮಾಡಿದ ದೋಷಗಳಲ್ಲಿ ಕೊರಳಿನ ಮೇಲಿನ ಹೊರೆ ಮತ್ತು ನೊಗದ ಗಾಯ ಮುಖ್ಯವಾದವು. ಎತ್ತಿನ ಶಕ್ತಿ ಎಳೆಯುವುದರಲ್ಲಿ ಖರ್ಚಾಗುವುದು ಬಿಟ್ಟು ಹೊರುವುದರಲ್ಲಿ, ನೋವು ತಿನ್ನುವುದರಲ್ಲಿ ಪೋಲಾಗುತ್ತದೆ ಎಂಬುದು ಅವರ ತಕರಾರು. ಎಳೆಯುವುದು ಬೇರೆ, ಹೊರುವುದು ಬೇರೆ. ಎರಡೂ ಒಂದೇ ಕೊಂಡಿಯ ಮೂಲಕ ಆಗುತ್ತವೆ ಎನ್ನುವುದೇ ಈ ಅಧ್ಯಾಯದ ಗೋಜು.

ಎತ್ತು ಹೋಗಿ ಟ್ರ್ಯಾಕ್ಟರ್ ಬಂತು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ತುಂಬಿದ ಮೇಲೆ ಎಡದಂಡೆ ಕಾಲುವೆ ಸಿಂಧನೂರು ಸೀಮೆಯನ್ನು ಭತ್ತದ ನಾಡು ಮಾಡಿತು. ಭತ್ತದ ಹಿಂದೆಯೇ ಟ್ರಾಲಿಗಳು ಬಂದವು. ಈಗ ಸುಗ್ಗಿಯಲ್ಲಿ ಮಸ್ಕಿ, ಸಿಂಧನೂರಿನ ರಸ್ತೆ ಬದಿ ನಿಂತರೆ ಎರಡು ಜಾತಿಯ ಟ್ರಾಲಿ ಕಾಣುತ್ತವೆ. ಒಂದಕ್ಕೆ ಎರಡೇ ಗಾಲಿ, ಒಂದೇ ಅಚ್ಚು. ಅದು ಚಕ್ಕಡಿಯ ನೇರ ವಂಶಜ. ಅದರ ಮೂತಿ ಟ್ರ್ಯಾಕ್ಟರಿನ ಹಿಂದಿನ ಕೊಂಡಿಯ ಮೇಲೆ ಭಾರ ಊರುತ್ತದೆ. ಇನ್ನೊಂದಕ್ಕೆ ನಾಲ್ಕು ಗಾಲಿ. ಅದರ ಮುಂದಿನ ಅಚ್ಚು ಒಂದು ತಿರುಗುಬಳೆಯ ಮೇಲೆ ಕೂತು ಎಡಬಲಕ್ಕೆ ಹೊರಳುತ್ತದೆ. ಅದು ತನ್ನ ಭಾರವನ್ನು ತಾನೇ ಹೊರುತ್ತದೆ, ಟ್ರ್ಯಾಕ್ಟರಿನಿಂದ ಕೇಳುವುದು ಎಳೆತ ಮಾತ್ರ.

ಯಾವುದು ಮೇಲು? ಮಳೆಗಾಲದ ಎರೆಹೊಲದಲ್ಲಿ ಈ ಪ್ರಶ್ನೆಗೆ ಕೂಡಲೇ ಉತ್ತರ ಸಿಗುತ್ತದೆ. ಟ್ರ್ಯಾಕ್ಟರಿನ ಹಿಂದಿನ ಟೈರು ನೆಲವನ್ನು ಹಿಡಿಯುವುದು ಅದರ ಮೇಲೆ ಬಿದ್ದ ಭಾರದಿಂದ. ಎರಡು ಗಾಲಿಯ ಟ್ರಾಲಿ ತನ್ನ ಹೊರೆಯ ಒಂದು ಪಾಲನ್ನು ಆ ಟೈರುಗಳ ಮೇಲೆ ಹಾಕುವುದರಿಂದ ಹಿಡಿತ ಹೆಚ್ಚುತ್ತದೆ. ನಾಲ್ಕು ಗಾಲಿಯದು ಏನೂ ಕೊಡದೆ ಎಳಿಸಿಕೊಳ್ಳುತ್ತದೆ, ಟ್ರ್ಯಾಕ್ಟರ್ ನಿಂತಲ್ಲೇ ಟೈರು ತಿರುಗಿಸುತ್ತಾ ಕುಳಿ ತೋಡಿಕೊಳ್ಳುತ್ತದೆ.

ಆದರೆ ಎರಡು ಗಾಲಿಯದು ಈ ಉಪಕಾರವನ್ನು ಪುಕ್ಕಟೆ ಮಾಡುವುದಿಲ್ಲ. ಕೊಂಡಿ ಇರುವುದು ಹಿಂದಿನ ಅಚ್ಚಿಗಿಂತ ಹಿಂದೆ. ಅಲ್ಲಿ ಒತ್ತಿದರೆ ಮೂತಿ ಏಳುತ್ತದೆ. 2 ಮೀಟರ್ ಗಾಲಿ ಅಂತರದ ಟ್ರ್ಯಾಕ್ಟರಿನ ಮುಂದಿನ ಗಾಲಿಗಳ ಮೇಲೆ 700 ಕಿಲೋ ಇದೆ ಎಂದುಕೊಳ್ಳಿ. ಅಚ್ಚಿಗೆ 60 ಸೆಂಟಿಮೀಟರ್ ಹಿಂದಿರುವ ಕೊಂಡಿಯ ಮೇಲೆ 500 ಕಿಲೋ ಊರಿದರೆ ಮುಂದಿನ ಗಾಲಿಗಳಿಂದ 150 ಕಿಲೋ ಕಳಚಿಹೋಯಿತು. ಇದರ ಮೇಲೆ ಎಳೆತ ಬೇರೆ. ನೆಲದಿಂದ ಅರ್ಧ ಮೀಟರ್ ಎತ್ತರದ ಕೊಂಡಿಯಲ್ಲಿ 1000 ಕಿಲೋ ಬಲದಿಂದ ಎಳೆದರೆ ಇನ್ನೂ 250 ಕಿಲೋ ಹೋಗುತ್ತದೆ, ಉಳಿದದ್ದು 300. ಯಾರೋ ಅವಸರಕ್ಕೆ ಕೊಂಡಿಯನ್ನು ಒಂದು ಮೀಟರ್ ಎತ್ತರಕ್ಕೆ ಸಿಕ್ಕಿಸಿದರೆ ಎಳೆತವೇ 500 ಕಿಲೋ ನುಂಗುತ್ತದೆ, ಮುಂದೆ ಉಳಿಯುವುದು 50. ಅಂಥ ಟ್ರ್ಯಾಕ್ಟರ್ ಕಾಲುವೆಯ ಏರಿ ಹತ್ತಲು ಹೋದರೆ ಮುಂಗಾಲೆತ್ತಿ ಹಿಂದಕ್ಕೆ ಮಗುಚುತ್ತದೆ. ಅದಕ್ಕೆ ಒಂದೆರಡು ಸೆಕೆಂಡು ಸಾಕು, ಡ್ರೈವರ್ ಕ್ಲಚ್ ಒತ್ತುವುದರೊಳಗೆ ಮುಗಿದಿರುತ್ತದೆ. ಕೊಂಡಿ ತಗ್ಗಿನಲ್ಲೇ ಇರಲಿ ಎಂದು ಟ್ರ್ಯಾಕ್ಟರ್ ತಯಾರಕರು ಬರೆದದ್ದು ಇದಕ್ಕಾಗಿ. ಚೀಲ ಒಟ್ಟುವಾಗಿನ ಎಚ್ಚರ ಎತ್ತಿನ ಕೊರಳಿಗಾಗಿ ಇತ್ತು; ಈಗ ಅದು ಡ್ರೈವರನ ಕೊರಳಿಗಾಗಿ.

ಈ ತೊಂದರೆಗೆ ಒಂದು ಸರಳ ಪರಿಹಾರ ಹೊಳೆಯಬೇಕು. ಕೊಂಡಿಯನ್ನು ಅಚ್ಚಿನ ಹಿಂದೆ ಇಡದೆ ಸರಿಯಾಗಿ ಅಚ್ಚಿನ ಮೇಲೆಯೇ ಇಟ್ಟರೆ? ಟ್ರ್ಯಾಕ್ಟರಿನಲ್ಲಿ ಅಲ್ಲಿ ಡ್ರೈವರ್ ಕೂತಿರುತ್ತಾನೆ, ಬೆನ್ನ ಹಿಂದೆ ನೇಗಿಲು ಎತ್ತುವ ಮೂರು ತೋಳುಗಳಿರುತ್ತವೆ, ಜಾಗವಿಲ್ಲ. ಲಾರಿಯಲ್ಲಿ ಇದೆ. ಈ ಸೀಮೆಯ 150ಎ ಹೆದ್ದಾರಿಯಲ್ಲಿ ಉದ್ದನೆಯ ಟ್ರೇಲರ್ ಎಳೆಯುವ ಗಿಡ್ಡ ಲಾರಿಗಳನ್ನು ನಿಲ್ಲಿಸಿದ್ದಾಗ ಇಣುಕಿ ನೋಡಿ. ಹಿಂದಿನ ಗಾಲಿಗಳ ನೆತ್ತಿಯ ಮೇಲೆ ಗ್ರೀಸು ಬಳಿದ ಒಂದು ದಪ್ಪ ಕಬ್ಬಿಣದ ತಟ್ಟೆ, ಅದರಲ್ಲಿ ಹಿಂದಕ್ಕೆ ಬಾಯಿ ಬಿಟ್ಟ ಸೀಳು. ಟ್ರೇಲರಿನ ಹೊಟ್ಟೆಯಿಂದ ಕೆಳಗೆ ಇಳಿದ 2 ಇಂಚು ದಪ್ಪದ ಪಿನ್ನು ಆ ಸೀಳಿನೊಳಗೆ ಹೊಕ್ಕು ಬೀಗಗೊಳ್ಳುತ್ತದೆ. ಇದೇ ಫಿಫ್ತ್ ವೀಲ್. ಕುದುರೆ ಸಾರೋಟಿನ ಮುಂದಿನ ಅಚ್ಚನ್ನು ಹೊರಳಿಸಲು ನಾಲ್ಕು ಚಕ್ರಗಳ ಜೊತೆ ಐದನೆಯದಾಗಿ ಅಡ್ಡ ಮಲಗಿಸುತ್ತಿದ್ದ ಬಳೆಯಿಂದ ಈ ಹೆಸರು ಬಂತು. ನಮ್ಮ ನಾಲ್ಕು ಗಾಲಿ ಟ್ರಾಲಿಯ ತಿರುಗುಬಳೆ ಆ ಬಳೆಯ ತಮ್ಮ.

1914ರಲ್ಲಿ ಡೆಟ್ರಾಯಿಟಿನ ಕಮ್ಮಾರ ಆಗಸ್ಟ್ ಫ್ರೂಹಾಫ್ ಒಬ್ಬ ಮರದ ವ್ಯಾಪಾರಿಯ ದೋಣಿ ಸಾಗಿಸಲು ಫೋರ್ಡ್ ಮಾಡೆಲ್ ಟಿ ಕಾರಿಗೆ ಎರಡು ಗಾಲಿಯ ಬಂಡಿ ಜೋಡಿಸಿಕೊಟ್ಟ. ಭಾರದ ಒಂದು ಪಾಲು ಕಾರಿನದು, ಉಳಿದದ್ದು ಬಂಡಿಯದು. ಅವನು ಮುಂದೆ ಅದನ್ನೇ ದೊಡ್ಡ ಉದ್ದಿಮೆ ಮಾಡಿದ. ವಿಮಾನ ಕಟ್ಟಿ ಹೆಸರಾದ ಗ್ಲೆನ್ ಕರ್ಟಿಸ್ ಅದೇ ತತ್ವವನ್ನು ಮನೆಗೆ ತಂದ. 1920ರ ದಶಕದ ಕೊನೆಯಲ್ಲಿ ಅವನು ಮಾಡಿದ ಏರೋಕಾರ್ ಎಂಬ ಗಾಲಿಮನೆಯ ಮೂತಿ ಎಳೆಯುವ ಕಾರಿನ ಹಿಂಭಾಗದೊಳಗೇ ಬಂದು, ಅಡ್ಡ ಮಲಗಿಸಿದ ವಿಮಾನದ ಟೈರಿನಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಕುಲುಕು ತಿನ್ನುವ ಕೆಲಸ ಆ ಟೈರಿನದು.

ಇವತ್ತು ಅಮೆರಿಕದಲ್ಲಿ ಪಿಕಪ್ ಲಾರಿಯ ಹಿಂದೆ ಮನೆ ಕಟ್ಟಿಕೊಂಡು ತಿಂಗಳುಗಟ್ಟಲೆ ಅಲೆಯುವವರು ಎರಡು ಪಂಗಡ. ಒಂದು ಪಂಗಡದ್ದು ಟ್ರಾವೆಲ್ ಟ್ರೇಲರ್: ಬಂಪರಿನ ಕೆಳಗೆ ಚಾಚಿದ ಉಕ್ಕಿನ ಗುಂಡಿಗೆ ಸಿಕ್ಕಿಸುವ ಮನೆ. ಇನ್ನೊಂದು ಪಂಗಡದ್ದು ಫಿಫ್ತ್ ವೀಲ್: ಪಿಕಪ್ಪಿನ ಸಾಮಾನು ಹೊರುವ ತೊಟ್ಟಿಯೊಳಗೆ, ಹಿಂದಿನ ಅಚ್ಚಿನ ಮೇಲೆ ಮೂತಿ ಊರುವ ಮನೆ. ಅಲ್ಲಿನ ರೂಢಿಯಂತೆ ಮೊದಲನೆಯದರಲ್ಲಿ ಒಟ್ಟು ತೂಕದ ನೂರಕ್ಕೆ 10ರಿಂದ 15 ಪಾಲು ಕೊಂಡಿಯ ಮೇಲೆ ಬೀಳಬೇಕು. ಎರಡನೆಯದರಲ್ಲಿ 15ರಿಂದ 25. ನಮ್ಮ ಚಕ್ಕಡಿಯ ಒಂದು ಗೇಣಿನ ಲೆಕ್ಕದಲ್ಲಿ ಏಳೂವರೆ ಬಂದಿತ್ತು. ಎತ್ತು ಗಂಟೆಗೆ ನಾಲ್ಕು ಕಿಲೋಮೀಟರ್ ನಡೆಯುವಾಗ ಅಷ್ಟು ಸಾಕು.

4000 ಕಿಲೋ ತೂಕದ ಮನೆಯನ್ನು ಎರಡೂ ಬಗೆಯಲ್ಲಿ ಕಟ್ಟಿ ನೋಡೋಣ. ಪಿಕಪ್ಪಿನ ಗಾಲಿ ಅಂತರ 3.6 ಮೀಟರ್, ಬಂಪರ್ ಗುಂಡು ಹಿಂದಿನ ಅಚ್ಚಿಗೆ 1.2 ಮೀಟರ್ ಹಿಂದೆ. ಗುಂಡಿನ ಮೇಲೆ 500 ಕಿಲೋ ಇಳಿದರೆ ಅದರ ಮೂರನೇ ಒಂದು ಭಾಗದಷ್ಟು, ಅಂದರೆ 167 ಕಿಲೋ, ಮುಂದಿನ ಗಾಲಿಗಳಿಂದ ಎತ್ತಲ್ಪಡುತ್ತದೆ. ಹಿಂದಿನವುಗಳ ಮೇಲೆ 500 ಅಲ್ಲ, 667 ಬೀಳುತ್ತದೆ. ಸ್ಟೀರಿಂಗ್ ಹಗುರಾಗುತ್ತದೆ, ಬ್ರೇಕಿನ ಹಿಡಿತ ಕಡಿಮೆಯಾಗುತ್ತದೆ, ದೀಪಗಳು ರಸ್ತೆ ಬಿಟ್ಟು ಮರದ ತುದಿ ಬೆಳಗುತ್ತವೆ. ಇದನ್ನು ಸರಿಪಡಿಸಲು ಅವರು ಗುಂಡಿನ ಇಕ್ಕೆಲಗಳಲ್ಲಿ ಸ್ಪ್ರಿಂಗಿನ ಉದ್ದ ಸಲಾಕೆ ಬಿಗಿದು, ಕೊಂಡಿಯನ್ನು ಕೆಳಗಿನಿಂದ ಮೀಟಿ, ಒಂದಷ್ಟು ಭಾರವನ್ನು ಮುಂದಿನ ಗಾಲಿಗೂ ಟ್ರೇಲರಿನ ಗಾಲಿಗೂ ಹಂಚುತ್ತಾರೆ. ಅದೇ ಮನೆ ಫಿಫ್ತ್ ವೀಲ್ ಆಗಿದ್ದರೆ ಪಿನ್ನಿನ ಮೇಲೆ 800 ಕಿಲೋ ಬೀಳಬಹುದು. ಭಾರ ಹೆಚ್ಚೇ, ಆದರೆ ನೇರ ಅಚ್ಚಿನ ಮೇಲೆ. ನಿಂತಲ್ಲಿ ಮುಂದಿನ ಗಾಲಿಗಳಿಗೆ ಏನೂ ಆಗುವುದಿಲ್ಲ. ಸಲಾಕೆಯ ಸರ್ಕಸ್ಸು ಬೇಡ, ಆದರೆ 800 ಕಿಲೋ ಹೊರುವ ಗಟ್ಟಿ ಹಿಂಗಾಲು ಬೇಕು. ಸಾಧಾರಣ ಜೀಪು, ಕಾರಿನವರಿಗೆ ಈ ದಾರಿ ಮುಚ್ಚಿದೆ.

ಇಷ್ಟು ನಿಂತ ಗಾಡಿಯ ಮಾತು. ಓಡುವಾಗಿನ ಕಥೆ ಇನ್ನೂ ಸ್ವಾರಸ್ಯದ್ದು.

ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುವ ಟ್ರಾವೆಲ್ ಟ್ರೇಲರನ್ನು ಒಂದು ದೊಡ್ಡ ಬಸ್ಸು ಹಿಂದಿಕ್ಕುತ್ತದೆ. ಬಸ್ಸು ತನ್ನ ಮೂತಿಯ ಮುಂದೆ ಗಾಳಿಯನ್ನು ನೂಕಿಕೊಂಡು ಬರುವುದರಿಂದ ಟ್ರೇಲರಿನ ಹಿಂಭಾಗ ಮೊದಲು ಆಚೆ ತಳ್ಳಲ್ಪಡುತ್ತದೆ. ಹಿಂಭಾಗ ಎಡಕ್ಕೆ ಹೋದರೆ ಕೊಂಡಿ ಪಿಕಪ್ಪಿನ ಬಾಲವನ್ನು ಬಲಕ್ಕೆ ನೂಕುತ್ತದೆ. ಕೊಂಡಿ ಅಚ್ಚಿಗಿಂತ 1.2 ಮೀಟರ್ ಹಿಂದಿರುವುದರಿಂದ ಆ ನೂಕು ಸನ್ನೆಗೋಲಾಗಿ ಇಡೀ ಪಿಕಪ್ಪನ್ನು ತಿರುಚುತ್ತದೆ. ಅದರ ಮೂತಿ ಎಡಕ್ಕೆ ಹೊರಳುತ್ತದೆ. ಟ್ರೇಲರಿನ ಟೈರುಗಳು ಅದನ್ನು ಸಾಲಿಗೆ ಎಳೆಯುತ್ತವೆ, ಆದರೆ ಅಷ್ಟು ದೊಡ್ಡ ದೇಹ ಸಾಲಿಗೆ ಬಂದಲ್ಲಿ ನಿಲ್ಲದೆ ಆಚೆ ದಾಟುತ್ತದೆ. ಈಗ ಎಲ್ಲವೂ ತಿರುವುಮುರುವು. ಒಂದೆರಡು ಸೆಕೆಂಡಿಗೆ ಒಂದು ಓಲಾಟದಂತೆ ಇದು ನಡೆಯುತ್ತದೆ.

ನಿಧಾನವಾಗಿ ಹೋಗುವಾಗ ಟೈರುಗಳ ಅಡ್ಡ ತಡೆ ಪ್ರತಿ ಓಲಾಟವನ್ನೂ ಹಿಂದಿನದಕ್ಕಿಂತ ಸಣ್ಣದು ಮಾಡುತ್ತದೆ. ವೇಗ ಏರಿದಂತೆ ಈ ತಣಿಸುವ ಗುಣ ಕುಗ್ಗುತ್ತದೆ. ಒಂದು ವೇಗದಲ್ಲಿ ಅದು ಸೊನ್ನೆಯಾಗುತ್ತದೆ. ಎದ್ದ ಓಲಾಟ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಅದನ್ನು ದಾಟಿದರೆ ಪ್ರತಿ ಓಲಾಟವೂ ಹಿಂದಿನದಕ್ಕಿಂತ ದೊಡ್ಡದು, ನಾಲ್ಕಾರು ಓಲಾಟಗಳಲ್ಲಿ ಮನೆ ರಸ್ತೆಯ ಪಕ್ಕ ಮಲಗುತ್ತದೆ. ಆ ಮಿತಿ ವೇಗ ಎಷ್ಟು ಎನ್ನುವುದು ಹೆಚ್ಚಾಗಿ ಹೇರಿದವನ ಕೈಯಲ್ಲಿದೆ. ಭಾರ ಹಿಂದೆ ಸರಿದಷ್ಟೂ ಮಿತಿ ಕೆಳಗೆ ಬರುತ್ತದೆ. ಒಟ್ಟು ಭಾರ ಸಮತೋಲದಲ್ಲಿದ್ದರೂ ನೀರಿನ ತೊಟ್ಟಿ ಮೂತಿಯಲ್ಲಿ, ಸೈಕಲ್ಲುಗಳು ಬಾಲದಲ್ಲಿ ಎಂದು ಎರಡೂ ತುದಿಗೆ ಹೇರಿದರೆ ಆಗಲೂ ಕೇಡು; ತುದಿಗೆ ತೂಕವಿದ್ದದ್ದು ಒಮ್ಮೆ ತಿರುಗಿದರೆ ನಿಲ್ಲಿಸುವುದು ಕಷ್ಟ. ಭಾರದ ಸಾಮಾನು ಗಾಲಿಯ ನೆತ್ತಿಗೆ ಹತ್ತಿರವಿರಬೇಕು. ಚೀಲ ಒಟ್ಟುವಾತ ನಡುವಿನಿಂದ ಶುರು ಮಾಡುವುದೂ ಹೀಗೆಯೇ.

ಓಲಾಟ ಶುರುವಾದಾಗ ಗಾಬರಿಯಿಂದ ಬ್ರೇಕ್ ಒತ್ತುವುದು ಮನುಷ್ಯ ಸಹಜ, ಮತ್ತು ತಪ್ಪು. ಮುಂದಿನ ಗಾಡಿ ತಡೆದು ನಿಂತರೆ ಹಿಂದಿನದು ಅದನ್ನು ಇನ್ನಷ್ಟು ಒರಟಾಗಿ ನೂಕುತ್ತದೆ. ಸ್ಟೀರಿಂಗನ್ನು ಎಡಬಲಕ್ಕೆ ಎಳೆದಾಡಿದರೆ ನಮ್ಮ ಎಳೆದಾಟ ಒಂದು ಹೆಜ್ಜೆ ತಡವಾಗಿ ಸೇರಿ ಓಲಾಟಕ್ಕೇ ಕೈಜೋಡಿಸುತ್ತದೆ. ಸ್ಟೀರಿಂಗ್ ನೇರ ಹಿಡಿದು, ಆಕ್ಸಿಲರೇಟರಿನಿಂದ ಕಾಲು ತೆಗೆದು, ಟ್ರೇಲರಿಗೆ ಮಾತ್ರ ಪ್ರತ್ಯೇಕ ಬ್ರೇಕ್ ಇದ್ದರೆ ಅದನ್ನಷ್ಟೇ ಮೆಲ್ಲಗೆ ಹಚ್ಚಬೇಕು. ಆಗ ಟ್ರೇಲರ್ ಹಿಂದಕ್ಕೆ ಜಗ್ಗಿ ತಾನೇ ಸಾಲಿಗೆ ಬರುತ್ತದೆ.

ಫಿಫ್ತ್ ವೀಲಿನಲ್ಲಿ ಬಸ್ಸಿನ ಗಾಳಿ ಬೀಸುವುದಿಲ್ಲವೆ? ಬೀಸುತ್ತದೆ, ಅದರ ಮೈ ಇನ್ನೂ ಎತ್ತರ. ಆದರೆ ಪಿನ್ನಿನಲ್ಲಿ ಬಂದ ಅಡ್ಡ ನೂಕು ಹಿಂದಿನ ಅಚ್ಚಿನ ಮೇಲೆಯೇ ಇಳಿದು ನೇರ ಟೈರಿಗೆ, ಟೈರಿನಿಂದ ನೆಲಕ್ಕೆ ಹೋಗುತ್ತದೆ. ತಿರುಚಲು ಸನ್ನೆಗೋಲಿನ ಉದ್ದವೇ ಇಲ್ಲ. ಡ್ರೈವರ್ ಮೈಗೆ ಒಂದು ತಳ್ಳು ಗೊತ್ತಾಗುತ್ತದೆ, ಮೂತಿ ಹೊರಳುವುದಿಲ್ಲ. ಎರಡನ್ನೂ ಎಳೆದವರು ಫಿಫ್ತ್ ವೀಲ್ ಎಳೆಯುವುದು ನೆಮ್ಮದಿ ಎನ್ನುವುದರ ಮುಕ್ಕಾಲು ಪಾಲು ಗುಟ್ಟು ಈ 1.2 ಮೀಟರಿನಲ್ಲಿದೆ. ಉಳಿದದ್ದು ಕಂಪನಿಗಳ ಜಾಹೀರಾತು. ಅದು ಅಪಾಯವೇ ಇಲ್ಲದ ಕೊಂಡಿಯೂ ಅಲ್ಲ. ಮಳೆಯಲ್ಲಿ ಎಳೆಯುವ ಗಾಡಿಯ ಹಿಂದಿನ ಗಾಲಿಗಳು ಬ್ರೇಕಿಗೆ ಕಚ್ಚಿ ಜಾರಿದರೆ, ಹಿಂದಿನ ಭಾರ ನೂಕಿ ನೂಕಿ ಗಾಡಿಯನ್ನು ಚಾಕು ಮಡಚಿದ ಹಾಗೆ ಮಡಚಿಬಿಡುತ್ತದೆ.

ನಮ್ಮ ಟ್ರಾಲಿಗಳೇಕೆ ಹೀಗೆ ಓಲಾಡಿ ಬೀಳುವುದಿಲ್ಲ ಎಂದು ಕೇಳಬಹುದು. ಕಾರಣ ಸಪ್ಪೆಯದು: ಗಂಟೆಗೆ 25–30 ಕಿಲೋಮೀಟರ್ ವೇಗದಲ್ಲಿ ಎಂಥ ಕೆಟ್ಟ ಹೇರೂ ಮಿತಿಯ ಕೆಳಗೇ ಇರುತ್ತದೆ. ಖಾಲಿ ಟ್ರಾಲಿ ಧಡಧಡ ಅಡ್ಡಾದಿಡ್ಡಿ ಕುಣಿಯುವುದು ಸವೆದ ಪಿನ್ನಿನ ಸಡಿಲದಿಂದ. ಆದರೆ ಟ್ರ್ಯಾಕ್ಟರುಗಳ ವೇಗ ಏರುತ್ತಿದೆ, ಟ್ರಾಲಿಗಳ ಬ್ರೇಕು ಏರುತ್ತಿಲ್ಲ. ಬಹುಪಾಲಿಗೆ ಬ್ರೇಕೇ ಇಲ್ಲ. ಬೆಳಗಾವಿ, ಬಾಗಲಕೋಟೆ ಕಡೆ ಕಬ್ಬಿನ ಹಂಗಾಮಿನಲ್ಲಿ ಒಂದೇ ಟ್ರ್ಯಾಕ್ಟರಿಗೆ ಎರಡು ಟ್ರಾಲಿ ಸಾಲಾಗಿ ಕಟ್ಟುತ್ತಾರೆ. ಮುಂದಿನ ಗಾಡಿಯ ಒಂದು ಸಣ್ಣ ಹೊರಳು ಪ್ರತಿ ಕೊಂಡಿ ದಾಟುವಾಗಲೂ ಹಿಗ್ಗಬಲ್ಲದು, ಕೊನೆಯ ಟ್ರಾಲಿ ರಸ್ತೆಯ ಅರ್ಧ ಬಳಸಿಕೊಳ್ಳುತ್ತದೆ. ಅದರ ಹಿಂದೆ ಬೈಕಿನಲ್ಲಿ ಹೋಗುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ತಿರುವಿನಲ್ಲಿ ಮಾತ್ರ ಫಿಫ್ತ್ ವೀಲ್ ಸೋಲುತ್ತದೆ. ಎಳೆಯುವ ಗಾಡಿಯ ಹಿಂದಿನ ಅಚ್ಚು 10 ಮೀಟರ್ ತ್ರಿಜ್ಯದ ವೃತ್ತದಲ್ಲಿ ತಿರುಗುತ್ತಿದೆ ಎನ್ನಿ. ಪೈಥಾಗೊರಸನ ಲೆಕ್ಕ ಹಚ್ಚಿದರೆ, ಪಿನ್ನಿನಿಂದ ಗಾಲಿಗೆ 8 ಮೀಟರ್ ಇರುವ ಫಿಫ್ತ್ ವೀಲಿನ ಗಾಲಿಗಳು 6 ಮೀಟರ್ ತ್ರಿಜ್ಯದಲ್ಲಿ ಸುತ್ತುತ್ತವೆ. 4 ಮೀಟರ್ ಒಳಕ್ಕೆ ಕೊಯ್ದುಕೊಂಡು ಹೋಗುತ್ತವೆ. ಗುಂಡಿನಿಂದ ಗಾಲಿಗೆ 7 ಮೀಟರ್ ಇರುವ ಟ್ರಾವೆಲ್ ಟ್ರೇಲರ್ 7.2 ಮೀಟರಿನಲ್ಲಿ ಸುತ್ತುತ್ತದೆ. ಇದರಲ್ಲಿ ಬಂಪರಿನಾಚೆಯ ಅದೇ 1.2 ಮೀಟರಿನ ಉಪಕಾರವೂ ಒಂದಿಷ್ಟಿದೆ, ಏಕೆಂದರೆ ಗಾಡಿ ಒಳಗೆ ತಿರುಗುವಾಗ ಗುಂಡು ಹೊರಗೆ ಬೀಸಿ ಟ್ರೇಲರನ್ನು ಅಗಲ ದಾರಿಗೆ ಒಯ್ಯುತ್ತದೆ. ಗದಗ, ಕೊಪ್ಪಳದ ಗಾಳಿಯಂತ್ರಗಳಿಗೆ ರೆಕ್ಕೆ ಒಯ್ಯುವ ಟ್ರೇಲರುಗಳು ಊರ ತಿರುವುಗಳಲ್ಲಿ ತಾಸುಗಟ್ಟಲೆ ನಿಲ್ಲುವುದು ಈ ಪೈಥಾಗೊರಸನ ಕೈಗೆ ಸಿಕ್ಕೇ. ಸಂತೆಯ ದಿನ ಯಾವ ಊರಿನ ಓಣಿಯಲ್ಲೂ ಫಿಫ್ತ್ ವೀಲ್ ಮನೆ ಹೊರಳಲಾರದು.

ಇನ್ನು ಹಿಮ್ಮುಖ. ಒಂದೇ ಕೀಲಿನ ಎಲ್ಲ ಟ್ರೇಲರಿಗೂ ನಿಯಮ ಒಂದೇ: ಬಾಲ ಎಡಕ್ಕೆ ಹೋಗಬೇಕೆಂದರೆ ಸ್ಟೀರಿಂಗ್ ಬಲಕ್ಕೆ. ಟ್ರಾವೆಲ್ ಟ್ರೇಲರಿನಲ್ಲಿ ಗುಂಡು ಅಚ್ಚಿನಿಂದ ದೂರವಿರುವುದರಿಂದ ಸ್ಟೀರಿಂಗ್ ಸ್ವಲ್ಪ ಅಲುಗಿಸಿದರೂ ಅದು ಪಕ್ಕಕ್ಕೆ ಬೀಸಿ ಟ್ರೇಲರ್ ಚಟಕ್ಕನೆ ಹೊರಳುತ್ತದೆ. ಫಿಫ್ತ್ ವೀಲ್ ಯೋಚಿಸಿ ಯೋಚಿಸಿ ತಿರುಗುತ್ತದೆ, ತಿದ್ದಿಕೊಳ್ಳಲು ಹೊತ್ತು ಕೊಡುತ್ತದೆ. ಆದರೆ ಒಮ್ಮೆ ತಿರುಗಿದ್ದನ್ನು ನೆಟ್ಟಗೆ ಮಾಡಲು ಬಹುದೂರ ಬೇಕು. ಎರಡು ಗಾಲಿಯ ಟ್ರಾಲಿ ಗಿಡ್ಡ, ಹಾಗಾಗಿ ಚುರುಕು. ಈ ಭಾಗದ ಹದಿನೆಂಟರ ಹುಡುಗರು ಅದನ್ನು ಒಂದೇ ಏಟಿಗೆ ಕಣದೊಳಗೆ ಹಿಂದಕ್ಕೆ ಹೊಡೆದು ನಿಲ್ಲಿಸುವುದು ನೋಡುವಂಥದ್ದು.

ನಾಲ್ಕು ಗಾಲಿಯ ಟ್ರಾಲಿಯ ಮುಂದೆ ಅಂಥ ಹುಡುಗರೂ ಬೆವರುತ್ತಾರೆ. ಅಲ್ಲಿ ಕೀಲು ಎರಡು, ಕೊಂಡಿಯದೊಂದು, ತಿರುಗುಬಳೆಯದೊಂದು. ಒಂದರ ತಪ್ಪನ್ನು ಇನ್ನೊಂದು ಹಿಗ್ಗಿಸುತ್ತದೆ. ಬಾಲ ಎಡಕ್ಕೆ ಹೋಗಲು ಮುಂದಿನ ಅಚ್ಚು ಬಲಕ್ಕೆ ಹೋಗಬೇಕು, ಅಚ್ಚು ಬಲಕ್ಕೆ ಹೋಗಲು ಸ್ಟೀರಿಂಗ್ ಎಡಕ್ಕೆ. ಆ ಹೊತ್ತಿಗೆ ಮೂಕಿ ಮಡಚಿಕೊಂಡು ಟ್ರ್ಯಾಕ್ಟರಿನ ಟೈರಿಗೆ ಒರಗಿರುತ್ತದೆ. ಅನುಭವಸ್ಥರು ಈ ಪಡಿಪಾಟಲಿಗೆ ಹೋಗುವುದಿಲ್ಲ. ಟ್ರಾಲಿ ಬಿಚ್ಚಿ, ಟ್ರ್ಯಾಕ್ಟರನ್ನು ತಿರುಗಿಸಿ ತಂದು, ಅದರ ಮೂತಿಯ ಕೊಕ್ಕೆಗೆ ಮೂಕಿ ಸಿಕ್ಕಿಸಿ ಮುಂದಕ್ಕೆ ನೂಕುತ್ತಾರೆ. ಆಗ ಕೊಂಡಿ ತಿರುಗುವ ಗಾಲಿಗಳ ಪಕ್ಕದಲ್ಲೇ ಇರುತ್ತದೆ, ಅತ್ತ ತಿರುಗಿಸಿದರೆ ಅತ್ತ ಹೋಗುತ್ತದೆ, ಮೇಲಾಗಿ ಎಲ್ಲವೂ ಕಣ್ಣೆದುರಿಗೆ. ಅಮೆರಿಕದ ಟ್ರಾವೆಲ್ ಟ್ರೇಲರಿನವರಲ್ಲೂ ಕೆಲವರು ಇಕ್ಕಟ್ಟಿನ ಜಾಗಕ್ಕೆ ಮನೆ ನಿಲ್ಲಿಸಲೆಂದೇ ಪಿಕಪ್ಪಿನ ಮುಂದಿನ ಬಂಪರಿಗೆ ಎರಡನೆಯ ಗುಂಡು ಬಿಗಿಸಿಕೊಳ್ಳುತ್ತಾರೆ. ಫಿಫ್ತ್ ವೀಲಿನವರಿಗೆ ಆ ಅನುಕೂಲವಿಲ್ಲ. ಮುಂದಿನ ಅಚ್ಚಿನ ಮೇಲೆ ಇಂಜಿನ್ ಕೂತಿದೆ.